ಚೀಟಿ ಬಂದಿರಲಿಲ್ಲ

“ಅವನು ಬಾಯಿಬಿಟ್ಟು ತಪ್ಪಾಯ್ತು ಅಂದ್ರೆ ಮನೆಗೆ ಕರ್ಕೊಂಡು ಬನ್ನಿ. ಅನ್ನದಿದ್ರೆ ಅಲ್ಲಿಂದಲೇ ವಾಪಸ್ ಹೋಗಲಿ.” ಬೆಳಿಗ್ಗೆ ಅಂಗಿಗೆ ಇಸ್ತ್ರಿ ಉಜ್ಜುತ್ತ, ತಲೆಯೆತ್ತದೆ ಹೆಂಡತಿ ಹೇಳಿದ ಮಾತು ಬಸ್ಸಿನಲ್ಲೂ, ಬಸ್ಸಿಳಿದು ಗುಡ್ಡದ ಮೆಟ್ಟಿಲು ಹತ್ತುವಾಗಲೂ ಕಿವಿಗೆ ಹೊಕ್ಕ ನೀರಿನಂತೆ ಅಲ್ಲೇ ಕೂತಿತ್ತು. ಅವಳು ‘ಅವನು’ ಎಂದದ್ದು ತನ್ನ ಒಡಹುಟ್ಟಿದ ಅಣ್ಣನನ್ನು. ಇಪ್ಪತ್ತಾರು ವರ್ಷದಿಂದ ಅವಳ ಬಾಯಲ್ಲಿ ಆ ಅಣ್ಣನಿಗೆ ಬೇರೆ ಹೆಸರಿಲ್ಲ. ಆಕಾಶದ ಚಿತ್ರ ಮೂಡಿದ ಹಳೆಯ ಗಾಜಿನ ಪ್ಲೇಟುಗಳನ್ನು ಗುರುತಿಸಿಕೊಡಲು ವೀಕ್ಷಣಾಲಯದವರು ಇವತ್ತು ಅವನನ್ನೂ ಕರೆಸಿದ್ದಾರೆ ಎಂಬ ಸುದ್ದಿ ಅದು ಹೇಗೋ ಅವಳಿಗೆ ಮುಟ್ಟಿತ್ತು. ಗಂಡನಂತೂ ಹೇಳಿರಲಿಲ್ಲ. “ಇಷ್ಟು ವರ್ಷ ಆದ್ಮೇಲೆ ಅದೆಲ್ಲ ಯಾಕೆ? ಸುಮ್ನೆ ಬಂದು ಹೋಗ್ಲಿ ಬಿಡು,” ಎಂದು ಗಂಡ ದೊಡ್ಡತನ ತೋರಿಸಲು ಹೋದ. “ನಿಮ್ಮನ್ನ ಸುಳ್ಳುಗಾರ ಅಂದದ್ದನ್ನ ನೀವು ಮರೀಬಹುದು. ನಾನು ಮರೆಯೋಳಲ್ಲ,” ಎಂದು ಅವಳು ಕಾಲರನ್ನು ತಿರುವಿ ಹಾಕಿ ಮತ್ತೊಮ್ಮೆ ಒತ್ತಿದಳು. ಆ ಕಾಲರು ಈಗ ಕುತ್ತಿಗೆಯನ್ನು ಕೊರೆಯುತ್ತಿತ್ತು. ಸುಳ್ಳುಗಾರ ಎಂದವನು ನಿಜ ಹೇಳಿದ್ದ ಎಂಬುದು ಇಡೀ ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದ ಸಂಗತಿ. ಒಬ್ಬ ಹೇಳಿ ಕೆಟ್ಟ, ಇನ್ನೊಬ್ಬ ಹೇಳದೆ ಬದುಕಿಕೊಂಡ. ಬದುಕಿಕೊಂಡವನು ಮೆಟ್ಟಿಲು ಹತ್ತುತ್ತಿದ್ದ, ಮಂಡಿ ಹಿಡಿದುಕೊಂಡು, ಭಾವನನ್ನು ಬೈಯುತ್ತ.

ಗೇಟಿನ ಕಾವಲಿನವನು ಪಾಸು ಕೇಳಿದ. ಎರಡು ತಿಂಗಳಿಂದ ವಾರಕ್ಕೆ ಮೂರು ದಿನ ಇದೇ ಗೇಟು, ಇದೇ ಮುಖ, ಇದೇ ಪಾಸು. ಮೂವತ್ತೊಂದು ವರ್ಷ ಕೆಲಸ ಮಾಡಿದವನಯ್ಯಾ ನಾನು ಎಂದು ಮೊದಲ ದಿನ ಹೇಳಿದ್ದಕ್ಕೆ ಆತ “ಇರ್ಬಹುದು ಸಾರ್, ಪಾಸು?” ಎಂದಿದ್ದ. ಅಂದಿನಿಂದ ಇವನು ಬೇಕೆಂದೇ ಪಾಸನ್ನು ಒಳಜೇಬಿನ ತಳದಲ್ಲಿಟ್ಟು, ಕನ್ನಡಕದ ಡಬ್ಬಿ, ಮಾತ್ರೆಯ ಹಾಳೆ, ಕರವಸ್ತ್ರ ಎಲ್ಲವನ್ನೂ ಒಂದೊಂದಾಗಿ ಹೊರಗೆ ತೆಗೆದು, ಹಿಂದೆ ನಿಂತವರನ್ನೆಲ್ಲ ಕಾಯಿಸುತ್ತಿದ್ದ. ಇವನ ವಯಸ್ಸಿನಲ್ಲಿ ತೀರಿಸಿಕೊಳ್ಳಲು ಸಿಗುವ ಸೇಡು ಇಷ್ಟೇ. ಒಳಗೆ ಗುಮ್ಮಟದ ಬಾಗಿಲಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಮುಂದಿನ ವಾರದಿಂದ ಹಳೆಯ ದೂರದರ್ಶಕ ಜನರ ನೋಟಕ್ಕೆ ತೆರೆದಿರುತ್ತದೆಯಂತೆ. ಬಾಗಿಲ ಪಕ್ಕ ಒಂದು ಫಲಕ: ಇದರಿಂದ ಆಕಾಶದ ಒಂಬತ್ತು ಸಾವಿರ ಛಾಯಾಚಿತ್ರಗಳನ್ನು ತೆಗೆಯಲಾಯಿತು. ತೆಗೆಯಲಾಯಿತು! ಯಾರೂ ತೆಗೆಯಲಿಲ್ಲ, ತಾನಾಗಿಯೇ ತೆಗೆಯಲಾಯಿತು. ಕೆಳಗೆ ಸತ್ತುಹೋದ ಹಿರಿಯ ಸಾಹೇಬರ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿತ್ತು, ಚಳಿಗಾಲದಲ್ಲಿ ಒಂದು ರಾತ್ರಿಯೂ ಗುಮ್ಮಟದೊಳಗೆ ಕಾಲಿಡದ ಸಾಹೇಬರದು.

ಒಳಗೆ ಇಣುಕಿದ. ಅವಳಿ ಕೊಳವೆಗಳು ಎಣ್ಣೆ ಹಚ್ಚಿಕೊಂಡು ಹೊಳೆಯುತ್ತಿದ್ದವು. ದಪ್ಪ ಕೊಳವೆಯ ತುದಿಯಲ್ಲಿ ಗಾಜಿನ ಪ್ಲೇಟು ಕೂರುತ್ತಿತ್ತು. ಅದಕ್ಕೆ ಅಂಟಿದಂತಿದ್ದ ಸಣ್ಣ ಕೊಳವೆಯ ತುದಿಯಲ್ಲಿ ಇವನ ಎಡಗಣ್ಣು. ಯಂತ್ರ ಎಷ್ಟೇ ಚೆನ್ನಾಗಿ ತಿರುಗಿದರೂ ಆಕಾಶದ ಜೊತೆ ಸರಿಸಮ ತಿರುಗುವುದಿಲ್ಲ, ಕೂದಲೆಳೆಯಷ್ಟು ಹಿಂದೋ ಮುಂದೋ ಆಗುತ್ತದೆ. ಆಗ ಚುಕ್ಕೆ ಚುಕ್ಕೆಯಾಗಿ ಉಳಿಯದೆ ಗೀಟಾಗುತ್ತದೆ. ಅದಕ್ಕೇ ಸಣ್ಣ ಕೊಳವೆಯೊಳಗೆ ಜೇಡನ ನೂಲಿನ ಎರಡು ಎಳೆಗಳನ್ನು ಅಡ್ಡಡ್ಡ ಕಟ್ಟಿ, ಅವು ಕೂಡುವ ಜಾಗದಲ್ಲಿ ಒಂದು ಚುಕ್ಕೆಯನ್ನು ಇಟ್ಟುಕೊಂಡು, ಅದು ಕದಲದ ಹಾಗೆ ಗಂಟೆಗಟ್ಟಲೆ ಗುಂಡಿ ಒತ್ತುತ್ತ ಕಾಯಬೇಕು. ಅದೇ ಇವನ ಕೆಲಸ. ಎಡಗಣ್ಣ ಎಂಬ ಅಡ್ಡಹೆಸರು ಬಂದದ್ದು ಹಾಗೆ. “ಎಡಗಣ್ಣನ ಕೈ ಬಂಗಾರದ್ದು. ತಲೆಗೆ ಮಾತ್ರ ಕೆಲಸ ಕೊಡಬಾರದು,” ಎಂದು ಸಾಹೇಬರು ಹೊರಗಿನಿಂದ ಬಂದ ದೊಡ್ಡವರ ಮುಂದೆ ಹೇಳಿ ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗುವಿಗಾಗಿ ಇವತ್ತಿಗೂ ತನ್ನ ಮುಖಕ್ಕೆ ತಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ. ಅವನು ಕೂರುತ್ತಿದ್ದ ಮರದ ಕುರ್ಚಿಯ ಸುತ್ತ ಈಗ ಕೆಂಪು ಹಗ್ಗ ಕಟ್ಟಿದ್ದರು. ‘ಕೂರಬೇಡಿ’ ಎಂದು ಚೀಟಿ ಬೇರೆ. ಯಾರೂ ಇಲ್ಲದ್ದನ್ನು ನೋಡಿ ಹಗ್ಗ ದಾಟಲು ಕಾಲೆತ್ತಿದ. ಅಷ್ಟರಲ್ಲಿ ಬಣ್ಣದವನೊಬ್ಬ ಡಬ್ಬಿ ಹಿಡಿದು ಒಳಗೆ ಬಂದು “ಯಜಮಾನ್ರೆ, ಹಸಿ ಇದೆ, ಮುಟ್ಬೇಡಿ,” ಎಂದ. ಎತ್ತಿದ ಕಾಲನ್ನು ಇಳಿಸುವುದರಲ್ಲಿ ಎಷ್ಟು ಅವಮಾನವಿದೆ ಎಂದು ಎಂಥವರಿಗೂ ಗೊತ್ತಾಗದ ಹಾಗೆ ಬಗ್ಗಿ ಬೂಟಿನ ದಾರ ಕಟ್ಟಿಕೊಂಡ.

ಸ್ಕ್ಯಾನ್ ಕೋಣೆ ಹಿಂದೆ ಕತ್ತಲಕೋಣೆಯಾಗಿದ್ದದ್ದು. ಕಿಟಕಿಗೆ ಹೊಡೆದಿದ್ದ ಹಲಗೆ ಕಿತ್ತು ಬೆಳಕು ಬಿಟ್ಟಿದ್ದಾರೆ, ಆದರೂ ಗೋಡೆಯ ಮೂಲೆಯಲ್ಲಿ ಫೋಟೋ ತೊಳೆಯುವ ಮದ್ದಿನ ಹುಳಿವಾಸನೆ ಹೋಗಿಲ್ಲ. ಆ ವಾಸನೆ ಎಂದರೆ ಇಲ್ಲಿ ಗಾಜು ತೊಳೆಯುತ್ತಿದ್ದ ಭಾವ. ಅಲ್ಲಿ ದಿನವಿಡೀ ಕೂತು ಗಾಜುಗಳನ್ನು ಸ್ಕ್ಯಾನ್ ಮಾಡುವ ಹುಡುಗಿ ಇವನನ್ನು ನೋಡಿದ್ದೇ ಕುರ್ಚಿ ಎಳೆದುಕೊಟ್ಟಳು. ಅವಳ ಮರ್ಯಾದೆಯೂ ಅವಳ ಯಂತ್ರದ ಹಾಗೆ. ಹೊತ್ತಿಗೆ ಸರಿಯಾಗಿ ಶುರುವಾಗಿ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಇವನ ಕೆಲಸ ಹಳೆಯ ಲಾಗ್ ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು. ಅವಳು ಟೈಪು ಮಾಡುವುದು. ಆ ಪುಸ್ತಕಗಳ ಕೈಬರಹ ಇವನಿಗಲ್ಲದೆ ಬೇರೆಯವರಿಗೆ ತಿಳಿಯುವುದಿಲ್ಲ, ಯಾಕೆಂದರೆ ಮುಕ್ಕಾಲು ಪಾಲು ಇವನದೇ. ದಿನಾಂಕ, ಪ್ಲೇಟಿನ ಸಂಖ್ಯೆ, ಎಷ್ಟು ನಿಮಿಷ, ಕೊನೆಯಲ್ಲಿ ಷರಾ. ಮೊದಲ ವಾರ ಅವನಿಗೆ ಖುಷಿಯಾಗಿತ್ತು. ತನ್ನ ಬದುಕನ್ನು ಯಾರೋ ಬರೆದುಕೊಳ್ಳುತ್ತಿದ್ದಾರಲ್ಲ ಎಂದು. ಆಮೇಲೆ ಕಪಾಟಿನಲ್ಲಿ ವರ್ಷಗಳು ಒಂದೊಂದೇ ಖಾಲಿಯಾಗುತ್ತ ಆ ವರ್ಷ ಹತ್ತಿರವಾದಾಗ, ರಾತ್ರಿ ಊಟ ಸೇರದಾಯಿತು. ಒಂದು ವಾರ ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದ. ವಾಪಸು ಬಂದಾಗ ಅವಳು ಅಲ್ಲಿಗೇ ನಿಲ್ಲಿಸಿ ಕಾಯುತ್ತಿದ್ದಳು.

“ಇವತ್ತು ಎರಡು ಸಾವಿರದ ಇನ್ನೂರ ಒಂಬತ್ತು, ಸರ್.”

“ಅದು ಕೆಟ್ಟ ಪ್ಲೇಟು. ಬಿಟ್ಟುಬಿಡಮ್ಮ. ಸಾಹೇಬರೇ ಮೂಲೆಗೆ ಹಾಕಿದ್ರು.”

“ಕೆಟ್ಟದ್ದನ್ನೂ ಸೇರಿಸ್ಬೇಕಂತೆ. ಓದಿ, ಸರ್.”

ಓದಿದ. ಸಂಖ್ಯೆ ಓದಿದ, ಎಪ್ಪತ್ತು ನಿಮಿಷ ಎಂದು ಓದಿದ, ವಸ್ತು ಧೂಮಕೇತು ಎಂದು ಓದಿದ. ಷರಾ ಬಂದಾಗ ಕೆಮ್ಮಿದ, ನೀರು ಕುಡಿದ. ಅವಳು ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡೇ ಕಾದಳು. “ಚೀಟಿ ಬಂದಿರಲಿಲ್ಲ. ಎಂದಿನಂತೆ ಚುಕ್ಕೆಯನ್ನೇ ಹಿಡಿಯಲಾಯಿತು,” ಎಂದು ಓದಿದ. ಹಿಡಿಯಲಾಯಿತು! ಫಲಕ ಬರೆದವನನ್ನು ಬೈದದ್ದು ಎಷ್ಟು ಹೊತ್ತಿನ ಹಿಂದೆ? “ಯಾವ ಚೀಟಿ, ಸರ್?” ಎಂದು ಕೇಳಿದಳು. ಪಾಠ ಹೇಳಿಕೊಡುವುದು ಸುಲಭ, ಹೇಳುತ್ತಿರುವಾಗ ಮುಖ ಮಾಸ್ತರದಾಗುತ್ತದೆ. ಹೇಳಿಕೊಟ್ಟ. ಧೂಮಕೇತು ಚುಕ್ಕೆಗಳ ಜೊತೆ ನಿಲ್ಲುವುದಿಲ್ಲಮ್ಮ, ಅವುಗಳ ನಡುವೆ ನಡೆದುಹೋಗುತ್ತೆ. ಚುಕ್ಕೆಯನ್ನು ಹಿಡಿದು ಕೂತರೆ ಚುಕ್ಕೆ ಚೆನ್ನಾಗಿ ಬರುತ್ತೆ, ಧೂಮಕೇತು ಒರೆಸಿದ ಮಸಿಯ ಹಾಗೆ ಬರುತ್ತೆ. ಅದಕ್ಕೆ ಅಡ್ಡ ಎಳೆಗಳನ್ನೇ ಒಂದು ತಿರುಪಿನಿಂದ ಸ್ವಲ್ಪ ಸ್ವಲ್ಪ ಸರಿಸ್ತಾ ಹೋಗಬೇಕು. ಎಷ್ಟು ಹೊತ್ತಿಗೊಮ್ಮೆ, ಎಷ್ಟು ಗೆರೆ, ಅಂತ ಸಾಹೇಬರು ಲೆಕ್ಕ ಹಾಕಿ ಚೀಟಿ ಬರೀತಿದ್ರು. ಕತ್ತಲಕೋಣೆಯವನು ಪ್ಲೇಟನ್ನು ಹೋಲ್ಡರಿಗೆ ಹಾಕಿ, ಅದರ ಬೆನ್ನಿನ ಕ್ಲಿಪ್ಪಿಗೆ ಚೀಟಿ ಸಿಕ್ಕಿಸಿ, ಗುಮ್ಮಟಕ್ಕೆ ತಂದುಕೊಡಬೇಕು. “ಅವತ್ತು ಸಿಕ್ಕಿಸಿರಲಿಲ್ಲ,” ಎಂದ. ಇಪ್ಪತ್ತಾರು ವರ್ಷ ಹೇಳಿದ ಮಾತು, ನಾಲಿಗೆಗೆ ಎಲ್ಲೂ ತಡೆಯಲಿಲ್ಲ.

ಸಿಕ್ಕಿಸಿದ್ದ. ನೀಲಿ ಶಾಯಿಯಲ್ಲಿ ಸಾಹೇಬರ ವಾಲಿದ ಅಂಕಿ: ಎರಡು ನಿಮಿಷಕ್ಕೊಮ್ಮೆ, ಮೂರು ಗೆರೆ. ಹೋಲ್ಡರನ್ನು ಕೈಗೆ ಕೊಡುತ್ತ ಭಾವ ನಗುತ್ತ ಹೇಳಿದ್ದ: “ಭಾವನೋರೆ, ಇವತ್ತು ಅಭ್ಯಾಸಬಲದಿಂದ ಚುಕ್ಕೆ ಹಿಂದೆ ಹೋಗ್ಬೇಡಿ. ತಿರುಪು ನೆನಪಿರಲಿ.” ಅಷ್ಟೇ ಮಾತು. ಅದರಲ್ಲಿ ವಿಷವಿರಲಿಲ್ಲ. ಆದರೆ ಈ ಕೆಲಸ ಕೊಡಿಸಿದವನು ಭಾವ, ತಂಗಿಯನ್ನು ಕೊಟ್ಟವನು ಭಾವ, ಬಾಡಿಗೆ ಮನೆ ಹುಡುಕಿಕೊಟ್ಟವನು, ಮೊದಲ ಚಳಿಗಾಲಕ್ಕೆ ತನ್ನ ಉಣ್ಣೆಕೋಟು ಕೊಟ್ಟವನು ಭಾವ. ಅಂದು ಕೂಡ ಅದೇ ಕೋಟು ತೊಟ್ಟು ಎಡಗಣ್ಣ ಕೂತಿದ್ದ. ಉಪಕಾರ ಮಾಡಿದವನ ಕೋಟು ಎಂಥ ಚಳಿಯಲ್ಲೂ ಮೈಗೆ ಚುಚ್ಚುತ್ತದೆ. ಮೊದಲ ಸಲ ತಿರುಪು ತಿರುಗಿಸಿದ, ಎರಡನೆಯ ಸಲ ತಿರುಗಿಸಿದ. ನನಗೆ ಹೇಳಿಕೊಡ್ತಾನಾ ಇವನು, ಕತ್ತಲಲ್ಲಿ ಗಾಜು ತೊಳೆಯೋನು? ಮೂರನೆಯದು. ಇದಕ್ಕೆ ಸರಿಯಾದ ಉತ್ತರ ಕೊಡಬೇಕಾಗಿತ್ತು, ಅಲ್ಲೇ, ಮುಖದ ಮೇಲೆ. ನಾಲ್ಕನೆಯದು. ಅಲ್ಲಿಂದ ಮುಂದೆ ಅವನು ಉತ್ತರ ಹುಡುಕಿದ. ಒಂದಕ್ಕಿಂತ ಒಂದು ಚೂಪಾದದ್ದು ಹುಟ್ಟುತ್ತಿತ್ತು. ಭಾವನ ಮುಖ ಸಪ್ಪಗಾಗುವುದನ್ನು ಬಗೆಬಗೆಯಾಗಿ ಕಂಡ. ಎಡಗಣ್ಣು ಚುಕ್ಕೆಯನ್ನು ಬಿಡಲಿಲ್ಲ, ಬೆರಳು ಗುಂಡಿಯನ್ನು ಬಿಡಲಿಲ್ಲ. ಆ ಬಂಗಾರದ ಕೈ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಅಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ. ಗಂಟೆ ಬಡಿದಾಗ ತಿರುಪಿನ ಮೇಲೆ ಹನ್ನೆರಡು ಗೆರೆ. ನೂರೈದು ಇರಬೇಕಿತ್ತು. ಮೊದಲು ಕೈ ಹೋದದ್ದು ತಿರುಪನ್ನು ಸೊನ್ನೆಗೆ ತಿರುಗಿಸಲು, ಆಮೇಲೆ ಚೀಟಿಯನ್ನು ಅಂಗಿಯ ಜೇಬಿಗೆ ತುರುಕಲು. ತಪ್ಪು ಮಾಡಲು ಎಪ್ಪತ್ತು ನಿಮಿಷ ಬೇಕಾಗಿತ್ತು, ಮುಚ್ಚಲು ಒಂದೂ ಬೇಕಾಗಲಿಲ್ಲ. ಮರುದಿನದಿಂದ ಮೋಡ ಕವಿಯಿತು. ಮೋಡ ಹರಿದಾಗ ಧೂಮಕೇತು ಸೂರ್ಯನ ಹಿಂದೆ ಹೋಗಿತ್ತು. ಒಂದೇ ಒಂದು ಪ್ಲೇಟು ಸಿಗಬೇಕಾದದ್ದು, ಸಿಗಲಿಲ್ಲ. ಸಾಹೇಬರು ಲಾಗ್ ಪುಸ್ತಕ ನೋಡಿದರು, ಭಾವನನ್ನು ಕರೆದರು. ಭಾವ ಸಿಕ್ಕಿಸಿದ್ದೆ ಎಂದ, ಎರಡನೆಯ ಸಲ ಕೂಗಿ ಹೇಳಿದ, ಮೂರನೆಯ ಸಲ ಮೇಜು ಗುದ್ದಿ ಹೇಳಿದ. ಬರೆದದ್ದಕ್ಕೆ ಇರುವ ಬೆಲೆ ಕೂಗಿದ್ದಕ್ಕಿಲ್ಲ. ವಾರದೊಳಗೆ ಅವನನ್ನು ತೆಗೆದುಹಾಕಿದರು.

“ಸರ್, ಇಲ್ಲಿ ನೋಡಿ,” ಎಂದಳು ಹುಡುಗಿ. ಪರದೆಯ ಮೇಲೆ ಆ ಪ್ಲೇಟನ್ನು ದೊಡ್ಡದು ಮಾಡಿದ್ದಳು. ಬಿಳಿಯ ಮೇಲೆ ಕಪ್ಪು ಚುಕ್ಕೆಗಳು, ಅವನ ಚುಕ್ಕೆಗಳು. “ನಾನು ನೋಡಿರೋ ಎರಡು ಸಾವಿರ ಪ್ಲೇಟಲ್ಲಿ ಇಷ್ಟು ದುಂಡಗಿರೋದು ಒಂದೂ ಇಲ್ಲ. ನೀವೇ ಕೂತಿದ್ದಾ?” ಅವನ ಎದೆ ಹಿಗ್ಗಿತು. ನಾಚಿಕೆಗೆಟ್ಟ ಎದೆ, ಒಂದು ಕ್ಷಣ ಹಿಗ್ಗಿಯೇಬಿಟ್ಟಿತು. “ಆದ್ರೆ ಇದೇನು?” ಎಂದು ಅವಳು ಇನ್ನೂ ದೊಡ್ಡದು ಮಾಡಿದಳು. ಪ್ರತಿ ಚುಕ್ಕೆಯ ಬಗಲಲ್ಲಿ ಸಾಲಾಗಿ ಸಣ್ಣ ಮಣಿಗಳು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ದಪ್ಪ ಚುಕ್ಕೆ. ಪ್ರತಿಯೊಂದಕ್ಕೂ ನಾಲ್ಕೇ, ಒಂದೇ ಕಡೆಗೆ, ಒಂದೇ ಅಂತರ. ಇವನಿಗೆ ಇದು ಹೊಸದಲ್ಲ. ಮರುದಿನ ಸಂಜೆಯೇ ಭೂತಗನ್ನಡಿ ಹಿಡಿದು ನೋಡಿದ್ದ. ಸಾಹೇಬರು ಮಸಿಯಾದ ಧೂಮಕೇತುವನ್ನಷ್ಟೇ ನೋಡಿ ಪ್ಲೇಟನ್ನು ಮೂಲೆಗೆ ಹಾಕಿದ್ದರು, ಚುಕ್ಕೆಗಳನ್ನು ನೋಡುವ ತಾಳ್ಮೆ ಅವರಿಗೆಲ್ಲಿತ್ತು. ಆಗಲೇ ಒಡೆದುಹಾಕಬಹುದಿತ್ತು. ಒಡೆದರೆ ಯಾಕೆ ಒಡೆಯಿತೆಂದು ಕೇಳುತ್ತಾರೆ ಎಂಬ ಹೆದರಿಕೆಗೆ ಲಕೋಟೆಗೆ ಹಾಕಿ ಇಟ್ಟ. ಹೇಡಿತನವೇ ಆ ಗಾಜನ್ನು ಇಷ್ಟು ಕಾಲ ಕಾಪಾಡಿತ್ತು.

“ನಾಲ್ಕು ಸಲ ತಿರುಪು ತಿರುಗಿಸಿದ ಹಾಗಿದೆ. ಅಲ್ವಾ? ಆಮೇಲೆ ನಿಲ್ಸಿದ್ದಾರೆ,” ಎಂದಳು ಅವಳು, ತನಗೇ ಹೇಳಿಕೊಳ್ಳುವಂತೆ. “ಅಂತರ ಅಳೆದ್ರೆ ಮೂರು ಮೂರು ಗೆರೆ. ಚೀಟಿ ಬರದೆ ಇದ್ರೆ ಮೂರು ಗೆರೆ ಅಂತ ಹೇಗೆ ಗೊತ್ತಾಯ್ತು, ಸರ್?”

ಅವಳ ದನಿಯಲ್ಲಿ ಸಂಶಯವಿರಲಿಲ್ಲ, ಅದೇ ಕೆಟ್ಟದ್ದು. ಲೆಕ್ಕ ಕೂಡದ ಅಂಕಣವೊಂದನ್ನು ತುಂಬಲು ಹೊರಟವಳ ಕಾಳಜಿ ಅಷ್ಟೇ ಇತ್ತು. ಪೊಲೀಸಿನವನ ಹಾಗೆ ಕೇಳಿದ್ದರೆ ರೇಗಿ ಎದ್ದುಹೋಗಬಹುದಿತ್ತು. “ಪ್ಲೇಟು ಹೋಲ್ಡರಿನಲ್ಲಿ ಜಾರಿರುತ್ತೆ,” ಎಂದ. “ಸರಿಯಾಗಿ ಕೂರಿಸದಿದ್ರೆ ಜಾರುತ್ತೆ.” ಅಂದರೆ ಮತ್ತೆ ಕತ್ತಲಕೋಣೆಯವನದೇ ತಪ್ಪು. ಯೋಚಿಸಿ ಹೇಳಿದ್ದಲ್ಲ, ಎಡವಿದವನ ಕೈ ಹತ್ತಿರದ ಗೋಡೆಗೆ ಹೋಗುವ ಹಾಗೆ, ಅವನ ಮಾತು ಎಂದೂ ಭಾವನ ಮೇಲೇ ಹೋಗಿ ಊರುತ್ತಿತ್ತು. “ನಾಲ್ಕು ಸಲ, ಸಮಸಮ ಅಂತರಕ್ಕೆ ಜಾರುತ್ತಾ?” ಎಂದಳು ಹುಡುಗಿ.

“ಜಾರಲ್ಲ,” ಎಂದು ಬಾಗಿಲಿನಿಂದ ಒಂದು ದನಿ ಬಂತು. “ನಾನು ಕೂರಿಸಿದ್ದು ಒಂದು ಸಲವೂ ಜಾರಲ್ಲ.”

ಭಾವ ಮುದುಕನಾಗಿದ್ದ. ಅಷ್ಟನ್ನು ಎಡಗಣ್ಣ ಎಣಿಸಿಯೇ ಇರಲಿಲ್ಲ. ಬೈದುಕೊಳ್ಳುವಾಗಲೆಲ್ಲ ಮುಂದೆ ಬಂದು ನಿಲ್ಲುತ್ತಿದ್ದದ್ದು ಕಪ್ಪು ಮೀಸೆಯ, ಎದೆ ಸೆಟೆದ ಭಾವ. ಇಲ್ಲಿ ನಿಂತವನಿಗೆ ಹಲ್ಲು ಕೆಲವೇ ಉಳಿದಿದ್ದವು, ಬೆರಳುಗಳ ಚರ್ಮ ಮದ್ದಿಗೆ ಸುಟ್ಟು ಬಿಳಿಚಿ ಸೀಳಿತ್ತು. ಕೆಲಸ ಹೋದ ಮೇಲೆ ಸಂತೆಬೀದಿಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವ ಅಂಗಡಿ ಇಟ್ಟು, ಹುಟ್ಟಿನಿಂದ ಸಾವಿನವರೆಗಿನ ಅರ್ಜಿಗಳಿಗೆಲ್ಲ ಜನರ ಮುಖ ತೆಗೆದುಕೊಟ್ಟು ಬದುಕಿದವನು. ಹುಡುಗಿ ನಮಸ್ಕಾರ ಹೇಳಿ ಕುರ್ಚಿ ಕೊಟ್ಟಳು. ಅವನು ಕೂರದೆ ಬೆಳಕಿನ ಮೇಜಿನ ಮೇಲಿದ್ದ ಪ್ಲೇಟನ್ನು ಎರಡೂ ಅಂಗೈಗಳ ನಡುವೆ ಅಂಚು ಹಿಡಿದು ಎತ್ತಿದ, ಮೂಲೆಯನ್ನು ಕೆಳದುಟಿಗೆ ಮೆಲ್ಲಗೆ ಮುಟ್ಟಿಸಿದ. “ಮದ್ದಿನ ಮೈ ತುಟಿಗೆ ಅಂಟುತ್ತಮ್ಮ, ಬರಿಗಾಜು ಅಂಟಲ್ಲ. ಕತ್ತಲಲ್ಲಿ ಬೇರೆ ದಾರಿಯಿಲ್ಲ,” ಎಂದು ನಕ್ಕ. “ಸಂಸಾರಕ್ಕಿಂತ ಹೆಚ್ಚು ಮುತ್ತು ಈ ಗಾಜುಗಳಿಗೇ ಕೊಟ್ಟಿದ್ದೀನಿ.” ಹುಡುಗಿ ನಕ್ಕಳು. ಎರಡು ತಿಂಗಳಲ್ಲಿ ಎಡಗಣ್ಣನ ಯಾವ ಮಾತಿಗೂ ಅವಳು ಹಾಗೆ ನಕ್ಕಿರಲಿಲ್ಲ. ಬಂದು ಎರಡು ನಿಮಿಷ ಆಗಿಲ್ಲ, ಆಗಲೇ ಎಲ್ಲರೂ ಇವನ ಕಡೆ, ಎಂದು ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಭಾವ ಪರದೆಯ ಮುಂದೆ ಬಗ್ಗಿದ್ದ. ಅವನ ಬಿಳಿಚಿದ ಬೆರಳು ಗಾಳಿಯಲ್ಲಿ ಎಣಿಸುತ್ತಿತ್ತು. ನಾಲ್ಕಕ್ಕೆ ನಿಂತಿತು. ಪಕ್ಕದ ಚುಕ್ಕೆಗೆ ಹೋಯಿತು, ಎಣಿಸಿತು, ನಾಲ್ಕಕ್ಕೆ ನಿಂತಿತು.

“ಲಾಗ್‌ನಲ್ಲಿ ಚೀಟಿ ಬಂದಿರಲಿಲ್ಲ ಅಂತಿದೆ. ಆಗ ಇಲ್ಲಿ ಇದ್ದಿದ್ದು ನೀವೇ ಅಲ್ವಾ ಸರ್? ನಿಮಗೆ ನೆನಪಿದ್ಯಾ?” ಎಂದು ಅವಳು ಕೇಳಿದಳು.

ಈಗ. ಈಗ ಹೇಳುತ್ತಾನೆ. ಎಡಗಣ್ಣ ಕುರ್ಚಿಯ ಕೈ ಹಿಡಿದುಕೊಂಡ. ಅವನಿಗೆ ಒಂದು ಬಗೆಯ ಆಸೆಯೂ ಆಯಿತು; ಹೇಳಲಿ, ಮೇಜು ಗುದ್ದಿ ಹೇಳಲಿ, ಆಗ ತಾನೂ ಎದ್ದು ಕೂಗಾಡಬಹುದು, ಹಳೆಯ ಜಗಳ ಹಳೆಯ ಜಾಗದಲ್ಲೇ ಮುಂದುವರಿಯುತ್ತದೆ. ಭಾವ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದೇ ಒಂದು ಸಲ ಇವನ ಕಡೆ ನೋಡಿದ. ಅಂಗಡಿಯಲ್ಲಿ ಫೋಟೋ ತೆಗೆಯುವ ಮುಂಚೆ ಗಿರಾಕಿಯ ತಲೆ ವಾಲಿದೆಯೇ ಎಂದು ನೋಡುವ ನೋಟ.

“ಎಲ್ಲಿ ನೆನಪಿರುತ್ತಮ್ಮ? ಚೀಟಿ ಇಡೋದು ಮರೆತಿರ್ಬೇಕು. ಹಾಗೇ ಬರ್ಕೋ,” ಎಂದ.

ಹುಡುಗಿ ಹುಬ್ಬು ಗಂಟಿಕ್ಕಿ ಪರದೆಯತ್ತ ತಿರುಗಿದಳು. ಭಾವ ಎಡಗಣ್ಣನಿಗೆ ಹೊರಗೆ ಬರುವಂತೆ ಕಣ್ಣಲ್ಲೇ ಸನ್ನೆ ಮಾಡಿದ. ಮೊಸಾಯಿಕ್ ನೆಲದ ಉದ್ದನೆಯ ಪಡಸಾಲೆಯಲ್ಲಿ ಇಬ್ಬರೂ ಗೋಡೆಗೆ ಒರಗಿ, ನಡುವೆ ಎರಡು ಮಾರು ಜಾಗ ಬಿಟ್ಟು ನಿಂತರು. “ಏನು, ದೊಡ್ಡ ಮನುಷ್ಯ ಆಗೋಕೆ ಹೊರಟ್ರಾ?” ಎಂದು ಎಡಗಣ್ಣ ಹಲ್ಲು ಕಚ್ಚಿ ಕೇಳಿದ. “ಮಣಿ ಎಣಿಸಿದ್ದು ನೋಡ್ದೆ. ಹೇಳೋದು ತಾನೆ? ಇಷ್ಟು ವರ್ಷ ಬೇಕಾಗಿದ್ದು ಇದೇ ಅಲ್ವಾ?”

“ಬೇಕಾಗಿತ್ತು. ಅವಾಗ,” ಎಂದ ಭಾವ. “ಈಗ ಗೆದ್ದು ಏನ್ ಮಾಡ್ಲಿ ಹೇಳಿ? ಆ ಹುಡುಗಿ ಕಂಪ್ಯೂಟರಲ್ಲಿ ನಾನು ಗೆದ್ದೆ ಅಂತ ಇದ್ರೆ, ಅದನ್ನ ತಗೊಂಡು ಹೋಗಿ ಯಾರಿಗೆ ತೋರಿಸ್ಲಿ? ನಿಮ್ಮತ್ತಿಗೆಗಾ?” ಅವನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸುದ್ದಿ ಬಂದ ದಿನ ತಂಗಿ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಹೋಗಿ ಬಾ ಎಂದು ಇವನೇ ಬಾಗಿಲ ಹೊರಗಿನಿಂದ ಹೇಳಿದ್ದ, ಒಂದೇ ಸಲ, ಎರಡನೆಯ ಸಲ ಹೇಳಿದರೆ ಹೋಗಿಬಿಟ್ಟಾಳು ಎಂಬ ದಿಗಿಲಲ್ಲಿ. ಒಳಗಿನಿಂದ “ಅವನು ನಿಮ್ಮ ಹತ್ರ ತಪ್ಪಾಯ್ತು ಅನ್ನೋ ತನಕ ಇಲ್ಲ,” ಎಂದಿದ್ದಳು. ಅತ್ತಿಗೆಯೆಂದರೆ ಅವಳಿಗೆ ಪ್ರಾಣ. ಅಂದು ಅವಳು ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ಉಜ್ಜಿದ್ದನ್ನೇ ಉಜ್ಜಿ, ಕತ್ತಲಾಗುವ ತನಕ ಉಜ್ಜಿದಳು.

“ನನ್ನ ತಂಗಿ ಏನಾದ್ರೂ ಹೇಳಿ ಕಳ್ಸಿದ್ದಾಳಾ?” ಎಂದು ಭಾವ ಕೇಳಿದ.

ಹೇಳಿಲ್ಲ ಎನ್ನಬಹುದಿತ್ತು. ಎಂದಿದ್ದರೆ ಅವನು ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದ, ಎಲ್ಲ ಇದ್ದ ಹಾಗೇ ಇರುತ್ತಿತ್ತು. ಎಡಗಣ್ಣ ಗೋಡೆ ನೋಡುತ್ತ ಹೇಳಿದ, ಹೆಂಡತಿಯ ಮಾತನ್ನು ಒಂದಕ್ಷರ ಬಿಡದೆ, ಲಾಗ್ ಪುಸ್ತಕ ಓದುವ ದನಿಯಲ್ಲಿ. ಭಾವ ಸಿಟ್ಟಾಗಲಿ ಎಂದೇ ಹೇಳಿದ. “ಇಷ್ಟೇನಾ?” ಎಂದ ಭಾವ. “ಅಂದ್ರಾಯ್ತು. ಬಾಯೇನು ಸವೆಯುತ್ತಾ? ಅವಳನ್ನ ಒಂದ್ಸಲ ನೋಡ್ಬೇಕು ನಾನು. ನಡೀರಿ. ನೀವು ಅಲ್ಲಿ ಏನೂ ಮಾತಾಡ್ಬೇಡಿ, ನಾನೇ ಹೇಳ್ತೀನಿ. ಅದೆಲ್ಲ ನಿಮ್ಮ ಕೈಲಾಗೋದಲ್ಲ.”

ನಿಮ್ಮ ಕೈಲಾಗೋದಲ್ಲ. ಕೆಲಸ, ಹೆಂಡತಿ, ಮನೆ, ಕೋಟು, ಈಗ ತಪ್ಪಾಯ್ತು ಎಂಬ ಮಾತು ಕೂಡ ಇವನೇ ದಾನ ಕೊಡಬೇಕು! ಎಡಗಣ್ಣ ಕೋಣೆಗೆ ದಡದಡ ನಡೆದ. ಪ್ಲೇಟು ಬೆಳಕಿನ ಮೇಜಿನ ಮೇಲಿತ್ತು. ಕಲಿತ ಹಾಗೆ ಎರಡು ಅಂಗೈಗಳ ನಡುವೆ ಅಂಚು ಹಿಡಿದು ಎತ್ತಿದ. “ಹುಷಾರು ಸರ್, ನಾನೇ ಇಡ್ತೀನಿ,” ಎಂದು ಹುಡುಗಿ ಅರ್ಧ ಎದ್ದಳು. ಗಾಜಿನ ಆಚೆಗೆ ಅವಳ ಮುಖದ ಮೇಲೆಲ್ಲ ಅವನ ಚುಕ್ಕೆಗಳು. ಎಷ್ಟು ದುಂಡಗಿದ್ದವು. ಕೈ ಜಾರಿತು ಎನ್ನಲಾಗುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಆ ಕೈಯಿಂದ ಒಂದು ಪ್ಲೇಟೂ ಜಾರಿರಲಿಲ್ಲ. ಅಂಗೈಗಳನ್ನು ಅಗಲಿಸಿದ.

ಸದ್ದು ಅವನೆಣಿಸಿದಷ್ಟು ದೊಡ್ಡದಾಗಲಿಲ್ಲ. “ಅಯ್ಯೋ, ಏನ್ ಸರ್ ನೀವು!” ಎಂದಳು ಹುಡುಗಿ. ಸಿಟ್ಟು ಬಂದಿತ್ತು, ಆದರೆ ಅದು ಚೆಲ್ಲಿದ ನೀರಿಗೆ ಬರುವಷ್ಟು ಸಿಟ್ಟು. “ಪುಣ್ಯಕ್ಕೆ ಸ್ಕ್ಯಾನು ಹೋದ ವಾರವೇ ಆಗಿದೆ, ನೀವು ರಜೆ ಹಾಕಿದ್ರಲ್ಲ, ಅವಾಗ. ಮೂರು ಕಡೆ ಇಟ್ಟಿದ್ದೀನಿ. ಆದ್ರೂ ಫಾರಂ ತುಂಬ್ಬೇಕು ನಾನು.” ಮೂರು ಕಡೆ. ಅವನು ಒಡೆದದ್ದು ಬರೀ ಗಾಜು. ಭಾವ ಒಳಗೆ ಬಂದವನು ಏನೂ ಕೇಳದೆ ಒಂದು ರಟ್ಟು ಹುಡುಕಿ, ಮಂಡಿಯೂರಿ ಚೂರು ಗುಡಿಸತೊಡಗಿದ. “ಕಾಲು ನೋಡ್ಕೊಳ್ಳಿ, ಬೂಟಿನ ಹತ್ರ ಒಂದಿದೆ,” ಎಂದ. ಹುಡುಗಿ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಫಾರಂ ಮುಂದಿಟ್ಟಳು. ದಿನಾಂಕ ಬರೆದ. ಪ್ಲೇಟಿನ ಸಂಖ್ಯೆ ಬರೆದ. ಒಡೆದವರು ಎಂಬಲ್ಲಿ ತನ್ನ ಹೆಸರು ಬರೆದ, ಅಡ್ಡಹೆಸರಲ್ಲ, ಹೆತ್ತವರು ಇಟ್ಟದ್ದು. ಕಾರಣ ಎಂಬ ಅಂಕಣದ ಮುಂದೆ ಪೆನ್ನು ನಿಂತಿತು. ನೆಲದ ಮೇಲೆ ಭಾವನ ನರೆತ ತಲೆ, ಬಿಳಿಚಿದ ಬೆರಳುಗಳು ಒಂದೊಂದೇ ಚೂರನ್ನು ಹೆಕ್ಕುತ್ತಿದ್ದವು. ಆ ತಲೆಯ ಮೇಲೆ ಅವನಿಗೆ ಪ್ರೀತಿಯೇನೂ ಹುಟ್ಟಲಿಲ್ಲ. ಇವನು ಕೊಡುವ ಇನ್ನೊಂದು ವಸ್ತುವನ್ನು ಈ ಜನ್ಮದಲ್ಲಿ ಇಸಿದುಕೊಳ್ಳಲಾರೆ ಎಂಬುದಷ್ಟೇ ಗೊತ್ತಾಯಿತು. ಬರೆದ.

“ಸರ್, ಇಲ್ಲಿ ಒಡೆದದ್ದಕ್ಕೆ ಕಾರಣ ಬರೀಬೇಕು,” ಎಂದಳು ಹುಡುಗಿ, ತಲೆ ವಾಲಿಸಿ ಓದಿ.

“ಅದೇ ಕಾರಣ.”

ಅವಳು ಇವನನ್ನೂ ನೆಲದ ಮೇಲಿದ್ದವನನ್ನೂ ನೋಡಿದಳು, ಕಾರ್ಬನ್ ಪ್ರತಿಯನ್ನು ಹರಿದು ಕೈಗಿತ್ತಳು. ಅವನು ಅದನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ ನೆನಪಾಯಿತು. ಆ ಬೆಳಗಿನ ಜಾವ ಮನೆಗೆ ಹೋಗಿ ನೀಲಿ ಅಂಗಿ ಬಿಚ್ಚುವಾಗ ಜೇಬಿನಲ್ಲಿ ಚೀಟಿ ಇರುವುದು ಗೊತ್ತಿತ್ತು. ಹರಿಯಬಹುದಿತ್ತು, ಒಲೆಗೆ ಹಾಕಬಹುದಿತ್ತು. ಎರಡಕ್ಕೂ ಅವನ ಕೈಯೇ ಬೇಕಾಗುತ್ತಿತ್ತು. ಅಂಗಿಯನ್ನು ಒಗೆಯುವ ರಾಶಿಗೆ ಹಾಕಿ ಮಲಗಿಬಿಟ್ಟ. ಮಧ್ಯಾಹ್ನ ಎದ್ದಾಗ ಹೆಂಡತಿ, “ಜೇಬಲ್ಲಿ ಏನಿತ್ರೀ? ಮುದ್ದೆ ಆಗಿಹೋಗಿದೆ, ಶಾಯಿ ಬೇರೆ ಬಿಟ್ಟಿದೆ,” ಎಂದು ತೋರಿಸಿದಳು. “ಬಸ್ ಟಿಕೇಟು,” ಎಂದಿದ್ದ. ನಾಲ್ಕು ದಿನದ ಮೇಲೆ ಭಾವ ಮನೆಬಾಗಿಲಲ್ಲಿ ನಿಂತು ನಿನ್ನ ಗಂಡ ಸುಳ್ಳುಗಾರ ಎಂದು ಕೂಗಿದಾಗ, ಆ ಅಂಗಿ ಒಗೆದ ಕೈಯಿಂದಲೇ ಅವಳು ಬಾಗಿಲು ಹಾಕಿದ್ದಳು.

ಬಸ್ಸಿನಲ್ಲಿ ಭಾವ ಮುಂದಿನ ಸೀಟು, ಇವನು ಹಿಂದಿನದು. ಇಳಿದ ಮೇಲೆ “ಮನೆ ಅದೇನಾ?” ಎಂದು ತಿರುವಿನಲ್ಲಿ ಭಾವ ಕೇಳಿದ, “ಅದೇ,” ಎಂದ ಇವನು. ಸಂಜೆಯ ಬಿಸಿಲು ಇನ್ನೂ ಇತ್ತು. ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಅದು ಹಗ್ಗವಾಗಿತ್ತು. ಅಣ್ಣನನ್ನು ನೋಡಿದಳು, ಆದರೆ ದಾರಿ ಬಿಟ್ಟು ಸರಿಯಲಿಲ್ಲ. “ಅಂದ್ನಾ?” ಎಂದು ಗಂಡನನ್ನು ಕೇಳಿದಳು. ಭಾವ ಕೆಳಗಿನ ಮೆಟ್ಟಿಲಲ್ಲಿ ಒಂದು ಚಪ್ಪಲಿ ಬಿಟ್ಟು, ಬೊಚ್ಚುಬಾಯಲ್ಲಿ ನಗಲು ನೋಡುತ್ತ, “ಅಂತೀನಿ ಕಣೆ, ಅದಕ್ಕೇನಂತೆ, ತಪ್—” ಎನ್ನುವಷ್ಟರಲ್ಲಿ ಎಡಗಣ್ಣ ಅವನನ್ನು ಭುಜದಿಂದ ಪಕ್ಕಕ್ಕೆ ತಳ್ಳಿ ಮೇಲಿನ ಮೆಟ್ಟಿಲು ಹತ್ತಿದ. ಜೇಬಿನಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟ.

“ಏನಿದು? ಕನ್ನಡಕ ಒಳಗಿದೆ. ನೀವೇ ಓದಿ,” ಎಂದು ಅವಳು ವಾಪಸು ಕೊಟ್ಟಳು.

ಓದಿದ. ಓದುವುದೇ ಈಗ ಅವನ ಕೆಲಸವಲ್ಲವೇ. ದಿನಾಂಕ ಓದಿದ. ಪ್ಲೇಟಿನ ಸಂಖ್ಯೆ ಓದಿದ. ಒಡೆದವರು ಎಂದು ಓದಿ ತನ್ನ ಹೆಸರು ಓದಿದ. “ಕಾರಣ,” ಎಂದ. ಕಾಗದದಿಂದ ತಲೆಯೆತ್ತಿದ. “ಚೀಟಿ ಬಂದಿತ್ತು.”

ಯಾವ ಚೀಟಿ ಎಂದು ಅವಳು ಕೇಳಲಿಲ್ಲ. ಭಾವ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಿದ್ದ. ಅವಳು ಸೆರಗನ್ನು ಬೆರಳಿನಿಂದ ಬಿಚ್ಚಿದಳು, ಬಿಚ್ಚಿದ ಕೈಯನ್ನು ಮೇಲಕ್ಕೆ ಮಾಡಿ ಅಂಗೈ ನೋಡಿಕೊಂಡಳು.

“ನೀಲಿ ಅಂಗಿ,” ಎಂದಳು. “ನನ್ನ ಕೈಲೇ ಒಗೆಸಿದ್ರಲ್ರೀ.”